ರೊಕ್ಕ ಕಟ್ಟಿಯೂ ಓಡದವರ ಪರವಾಗಿ

ಹಣ ಕಟ್ಟಿ ಹೆಸರು ನೋಂದಾಯಿಸಿದ ಓಟಕ್ಕೆ ಹೋಗದೆ ಉಳಿದವರನ್ನು ನಮ್ಮ ಕಡೆ ಸುಲಭಕ್ಕೆ ಬಿಡುವುದಿಲ್ಲ. ಬೈಲಹೊಂಗಲದ ಚಹಾದಂಗಡಿಯಿಂದ ರಾಮದುರ್ಗದ ಮೈದಾನದವರೆಗೆ ಅವರ ಮೇಲೆ ಮಾತು ಬೀಳುತ್ತಲೇ ಇರುತ್ತದೆ. ದುಂದುಗಾರ, ಪುಕ್ಕಲ, ನೆವ ಹೇಳುವವ, ಇನ್ನೊಬ್ಬರ ಅವಕಾಶ ಕಸಿದವ. ಓಟಗಾರರು ಇದಕ್ಕೆ ಡಿಎನ್‌ಎಸ್ ಎನ್ನುತ್ತಾರೆ; ಡಿಡ್ ನಾಟ್ ಸ್ಟಾರ್ಟ್, ಅಂದರೆ ಓಟ ಶುರುವೇ ಮಾಡಲಿಲ್ಲ ಎಂದು. ಫಲಿತಾಂಶದ ಪಟ್ಟಿಯಲ್ಲಿ ಹೆಸರಿನ ಮುಂದೆ ಆ ಮೂರಕ್ಷರ ಇರುತ್ತದೆ, ಯಾಕೆ ಓಡಲಿಲ್ಲ ಎಂಬುದು ಇರುವುದಿಲ್ಲ. ಕಾರಣವನ್ನು ನೋಡಿದವರೇ ಊಹಿಸಿಕೊಂಡು ತೀರ್ಪು ಕೊಟ್ಟುಬಿಡುತ್ತಾರೆ. ಅವರ ಒಂದೊಂದೇ ಮಾತಿಗೆ ಇಲ್ಲಿ ಉತ್ತರ ಕೊಡುತ್ತೇನೆ. ಹುರುಳಿದ್ದಲ್ಲಿ ಒಪ್ಪುತ್ತೇನೆ, ಒಂದು ಕಡೆ ಹುರುಳು ಇದೆ ಕೂಡ.

"ರೊಕ್ಕ ಕಟ್ಟೀದಿ ಅಂದಮ್ಯಾಲ ಹೋಗಬೇಕಿತ್ತಪಾ, ಸುಮ್ಮನ ಹಾಳು ಮಾಡಿದಿ." ಎಲ್ಲರ ಬಾಯಲ್ಲೂ ಮೊದಲು ಬರುವ ಮಾತು ಇದು. ಆದರೆ ಪ್ರವೇಶ ಶುಲ್ಕ ಖರ್ಚಾದದ್ದು ಕಟ್ಟಿದ ದಿನವೇ. ಓಡಿದರೂ ಅದು ಮರಳುವುದಿಲ್ಲ, ಓಡದಿದ್ದರೂ ಮರಳುವುದಿಲ್ಲ. ಓಟದ ಹಿಂದಿನ ದಿನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇಲ್ಲಿಂದ ಮುಂದೆ ಎಷ್ಟು ಖರ್ಚು, ಅದರಿಂದ ಏನು ಗಳಿಕೆ?

ಆ ಲೆಕ್ಕವನ್ನು ನಮ್ಮ ಊರುಗಳಿಂದ ಹಾಕಿ ನೋಡಿ. ಬೈಲಹೊಂಗಲಕ್ಕಾಗಲಿ ಕಿತ್ತೂರಿಗಾಗಲಿ ಸವದತ್ತಿ, ರಾಮದುರ್ಗಕ್ಕಾಗಲಿ ರೈಲು ಇಲ್ಲ. ಬೆಂಗಳೂರಿನ ವರ್ಲ್ಡ್ 10ಕೆ ಓಡಬೇಕೆಂದರೆ ಧಾರವಾಡಕ್ಕೋ ಬೆಳಗಾವಿಗೋ ಹೋಗಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹಿಡಿಯಬೇಕು, ಇಲ್ಲವೇ ರಾತ್ರಿ ಬಸ್ಸು. ದೊಡ್ಡ ಓಟಗಳಲ್ಲಿ ಬಿಬ್, ಅಂದರೆ ಎದೆಗೆ ಚುಚ್ಚಿಕೊಳ್ಳುವ ಸಂಖ್ಯೆಯ ಚೀಟಿ, ಓಟದ ದಿನ ಕೊಡುವುದಿಲ್ಲ. ಹಾಗಾಗಿ ಶನಿವಾರವೇ ಅಲ್ಲಿರಬೇಕು, ಒಂದು ರಾತ್ರಿ ಲಾಡ್ಜಿನಲ್ಲಿ ಉಳಿಯಬೇಕು, ಭಾನುವಾರ ನಸುಕಿನಲ್ಲಿ ಸಾಲಿನಲ್ಲಿ ನಿಲ್ಲಬೇಕು, ರಾತ್ರಿ ಮತ್ತೆ ಪ್ರಯಾಣ. ದಿನಗೂಲಿಯವನಾದರೆ ಶನಿವಾರದ ಸಂಬಳವೂ ಹೋಯಿತು, ಸೋಮವಾರದ್ದೂ ಹೋಯಿತು. ಇಷ್ಟರ ಮುಂದೆ ಮೊದಲು ಕಟ್ಟಿದ ಶುಲ್ಕ ಸಣ್ಣದು. "ಹೋಗಬೇಕಿತ್ತು" ಎನ್ನುವವರು, ಹೋದ ಸಣ್ಣ ಗಂಟಿನ ಹಿಂದೆ ಕೈಯಲ್ಲಿರುವ ದೊಡ್ಡ ಗಂಟನ್ನೂ ಕಳಿಸು ಎಂದು ಹೇಳುತ್ತಿದ್ದಾರೆ. ನಮ್ಮ ಎರೆ ಹೊಲದ ರೈತ ಹಾಗೆ ಮಾಡುವುದಿಲ್ಲ. ಮುಂಗಾರಿನಲ್ಲಿ ಬಿತ್ತಿದ ಹೆಸರು ಮಳೆಯಿಲ್ಲದೆ ಸುಟ್ಟುಹೋದರೆ, ಬೀಜಕ್ಕೆ ರೊಕ್ಕ ಹಾಕಿದ್ದೇನೆಂದು ಅದಕ್ಕೇ ಗೊಬ್ಬರ ಸುರಿಯುತ್ತ ಕೂರುವುದಿಲ್ಲ. ಕುಂಟೆ ಹೊಡೆದು ಹಿಂಗಾರಿಗೆ ಕಡಲೆಯೋ ಜೋಳವೋ ಬಿತ್ತುವ ತಯಾರಿ ಮಾಡುತ್ತಾನೆ.

ಕಟ್ಟಿದ ಹಣ ಮನುಷ್ಯನನ್ನು ಎಳೆಯುತ್ತದೆ ಎಂಬುದೂ ನಿಜ. ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1985ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಇದನ್ನು ತೋರಿಸಿತು. ನಾಟಕಗಳ ಸೀಸನ್ ಟಿಕೆಟ್ಟನ್ನು ಪೂರ್ತಿ ಬೆಲೆಗೆ ಕೊಂಡವರು, ರಿಯಾಯಿತಿಯಲ್ಲಿ ಕೊಂಡವರಿಗಿಂತ ಸೀಸನ್ನಿನ ಮೊದಲರ್ಧದಲ್ಲಿ ಹೆಚ್ಚು ನಾಟಕ ನೋಡಿದರು. ನಾಟಕ ಅವೇ, ನಟರು ಅವರೇ; ಜೇಬಿನಿಂದ ಹೋದದ್ದು ಮಾತ್ರ ಬೇರೆ. ನಾಟಕಕ್ಕೆ ಮನಸ್ಸಿಲ್ಲದೆ ಹೋದರೆ ಹೆಚ್ಚೆಂದರೆ ಒಂದು ಸಂಜೆ ಬೇಸರ. ಜ್ವರದ ಮೈಯಲ್ಲಿ ಇಪ್ಪತ್ತೊಂದು ಕಿಲೋಮೀಟರ್ ಓಡಲು ಹೊರಟರೆ ಆಗುವುದು ಬೇರೆ.

ಇನ್ನೊಂದು ಸಂಗತಿಯನ್ನು ಟೀಕಾಕಾರರು ಎತ್ತುವುದೇ ಇಲ್ಲ. ಜನ ಅಷ್ಟು ಮೊದಲೇ ಹಣ ಕಟ್ಟುವುದಾದರೂ ಯಾಕೆ? ಮೊದಲು ಬಂದವರಿಗೆ ಕಡಿಮೆ ದರ, ದಿನ ಕಳೆದಂತೆ ಹೆಚ್ಚು ದರ, ಆಮೇಲೆ ಬಾಗಿಲು ಬಂದ್. ಸಾತಾರಾ ಹಿಲ್ ಹಾಫ್ ಮ್ಯಾರಥಾನಿನಂಥ ಓಟಗಳಲ್ಲಂತೂ ಜಾಗ ಬೇಗನೆ ತುಂಬಿಬಿಡುತ್ತದೆ. ಆರು ತಿಂಗಳ ಆಚೆ ನನ್ನ ಮೊಣಕಾಲು ಹೇಗಿರುತ್ತದೆ, ಮನೆಯಲ್ಲಿ ಯಾರಿಗೆ ಆರಾಮಿರುವುದಿಲ್ಲ ಎಂದು ತಿಳಿಯುವ ಮೊದಲೇ ಕಟ್ಟು, ಇಲ್ಲವಾದರೆ ದಂಡ ತೆರು ಎನ್ನುವ ವ್ಯವಸ್ಥೆ ಇದು. ಆ ವ್ಯವಸ್ಥೆಯನ್ನು ಒಪ್ಪಿಕೊಂಡು, ಅದರೊಳಗೆ ಸಿಕ್ಕಿಕೊಂಡವನನ್ನು ದುಂದುಗಾರ ಎನ್ನುವುದು ನ್ಯಾಯವಲ್ಲ.

"ಜ್ವರ, ಕಾಲುನೋವು ಅನ್ನೂದು ಬರೇ ನೆವ. ಒಂದು ಗುಳಿಗಿ ನುಂಗಿದ್ರ ಓಡಬಹುದಿತ್ತು." ಈ ಮಾತು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತದೆ, ಯಾಕೆಂದರೆ ಹುಡುಗರು ಇದನ್ನು ನಂಬುತ್ತಾರೆ.

ವೈರಲ್ ಜ್ವರ ಇರುವಾಗ ಮೈಮುರಿದು ಓಡಬಾರದು ಎಂದು ವೈದ್ಯರು ಹೇಳುವುದಕ್ಕೆ ಸ್ಪಷ್ಟ ಕಾರಣವಿದೆ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೂ ಉರಿಯೂತ ತರುತ್ತವೆ. ಆ ಸ್ಥಿತಿಯಲ್ಲಿ ಹೃದಯವನ್ನು ಜೋರಾಗಿ ದುಡಿಸಿದರೆ ಬಡಿತದ ಲಯ ತಪ್ಪಿ ಅಲ್ಲಿಯೇ ಕುಸಿಯುವ ಅಪಾಯವಿದೆ. ಓಡುವವನಿಗೆ ಮುಂಚೆ ಕಾಣುವುದು ಸ್ವಲ್ಪ ಸುಸ್ತು, ಸ್ವಲ್ಪ ಏದುಸಿರು, ಅಷ್ಟೇ. ಡೆಂಗಿಯಲ್ಲಂತೂ ಮೋಸ ಇನ್ನೂ ದೊಡ್ಡದು. ಮೂರನೆಯ ದಿನದಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತೇ ಅದರಲ್ಲಿ ಕಠಿಣವಾದ ಹೊತ್ತು. ರಕ್ತನಾಳಗಳಿಂದ ದ್ರವ ಸೋರುವುದು, ಪ್ಲೇಟ್‌ಲೆಟ್ ಕುಸಿಯುವುದು ಆಗಲೇ. "ಜ್ವರ ಬಿಟ್ಟದ, ಇನ್ನ ಓಡತೀನಿ" ಎಂದು ಶೂ ಕಟ್ಟುವವನು ಸರಿಯಾಗಿ ಅದೇ ದಿನ ಹೊರಡುತ್ತಿರಬಹುದು. ಇನ್ನು ಆ ಗುಳಿಗೆ. ಡೆಂಗಿ ಇರಬಹುದಾದ ಮೈಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ರಕ್ತಸ್ರಾವದ ಅಪಾಯ ಹೆಚ್ಚಿಸುತ್ತದೆ. ಬೇರೆ ಸಮಯದಲ್ಲೂ ಇವನ್ನು ನುಂಗಿ ಬಿಸಿಲಲ್ಲಿ ಬೆವರಿಳಿಸಿ ದೂರ ಓಡಿದರೆ ಮೂತ್ರಪಿಂಡಕ್ಕೆ ಪೆಟ್ಟು. ವರ್ಲ್ಡ್ 10ಕೆ ಮೇ ತಿಂಗಳಿಂದ ಈಚೆಗೆ ಏಪ್ರಿಲ್‌ಗೆ ಬಂದಿದ್ದರೂ ಬೇಸಿಗೆ ಬೇಸಿಗೆಯೇ.

ಕಾಲಿನ ನೋವಿನ ಮಾತೂ ಅಷ್ಟೇ. ಮೀನಖಂಡ ಬಿಗಿದದ್ದು ಬೇರೆ, ಮೊಣಕಾಲ ಕೆಳಗಿನ ಎಲುಬಿನಲ್ಲಿ ಕೂದಲೆಳೆಯ ಬಿರುಕು ಬಿಟ್ಟದ್ದು ಬೇರೆ. ಬೆರಳ ತುದಿಯಿಂದ ಒಂದೇ ಜಾಗ ಒತ್ತಿದಾಗ ಚುಳುಕ್ಕೆನ್ನುವ ನೋವು, ಕುಣಿದರೆ ಹೆಚ್ಚಾಗುವ ನೋವು, ರಾತ್ರಿ ಮಲಗಿದಾಗಲೂ ಬಿಡದ ನೋವು ಎರಡನೆಯದರ ಗುರುತು. ಅದಕ್ಕೆ ವಾರಗಟ್ಟಲೆ ವಿಶ್ರಾಂತಿಯೇ ಮದ್ದು. ಬಿರುಕಿನ ಮೇಲೆ ಓಡಿದರೆ ಎಲುಬು ಪೂರ್ತಿ ಮುರಿಯಬಹುದು. ಆಗ ಒಂದು ಓಟದ ಬದಲು ಒಂದು ವರ್ಷ ಹೋಗುತ್ತದೆ.

ಜಗತ್ತಿನ ದೊಡ್ಡ ಓಟಗಾರರು ಏನು ಮಾಡುತ್ತಾರೆ ನೋಡಿ. 2020ರ ಅಕ್ಟೋಬರ್‌ನಲ್ಲಿ ಲಂಡನ್ ಮ್ಯಾರಥಾನಿನಲ್ಲಿ ಕಿಪ್ಚೋಗೆ ಮತ್ತು ಕೆನೆನಿಸಾ ಬೆಕೆಲೆ ಎದುರುಬದುರಾಗುತ್ತಾರೆ ಎಂದು ಓಟದ ಲೋಕವೆಲ್ಲ ಕಾದಿತ್ತು. ಬೆಕೆಲೆ ಹಿಂದಿನ ವರ್ಷವೇ ಬರ್ಲಿನ್‌ನಲ್ಲಿ 2 ಗಂಟೆ 1 ನಿಮಿಷ 41 ಸೆಕೆಂಡಿನಲ್ಲಿ ಮ್ಯಾರಥಾನ್ ಮುಗಿಸಿದ್ದವರು. ಎರಡು ದಿನ ಇರುವಾಗ ಮೀನಖಂಡದ ನೋವೆಂದು ಅವರು ಹಿಂದೆ ಸರಿದರು. ಅವರಿಗೆ ಯಾರೂ ಪುಕ್ಕಲ ಎನ್ನಲಿಲ್ಲ. ಮುರಗೋಡದ ಹುಡುಗ ಅದನ್ನೇ ಮಾಡಿದರೆ ಯಾಕೆ ಅನ್ನಬೇಕು?

"ರಾಯಣ್ಣನ ನಾಡಾಗ ಹುಟ್ಟಿ ಹಿಂದ ಸರೀತಾರೇನು?" ಭಾವುಕರಾದ ಹಿರಿಯರು ಈ ಮಾತು ಆಡುತ್ತಾರೆ. ಅವರ ಅಭಿಮಾನಕ್ಕೆ ನನ್ನ ಗೌರವವಿದೆ, ಆದರೆ ಆ ಇತಿಹಾಸ ಅವರ ವಾದಕ್ಕೆ ಸಾಕ್ಷಿ ನುಡಿಯುವುದಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿ ಥ್ಯಾಕರೆ ಸತ್ತು ಕಂಪನಿಯ ಪಡೆ ಸೋತಿತು. ಡಿಸೆಂಬರ್‌ನಲ್ಲಿ ದೊಡ್ಡ ಸೈನ್ಯ ಬಂದು ಕೋಟೆ ಬಿತ್ತು, ರಾಣಿ ಚೆನ್ನಮ್ಮ ಸೆರೆಯಾಗಿ 1829ರಲ್ಲಿ ಬೈಲಹೊಂಗಲದಲ್ಲಿ ತೀರಿಕೊಂಡಳು. ಅದರ ನಂತರ ಸಂಗೊಳ್ಳಿ ರಾಯಣ್ಣ ಹೋರಾಡಿದ ರೀತಿ ಯಾವುದು? ಬಯಲಿನಲ್ಲಿ ಕಂಪನಿಯ ತೋಪಿಗೆ ಎದೆಯೊಡ್ಡಿ ನಿಲ್ಲುವ ರೀತಿಯಲ್ಲ. ರಾತ್ರಿ ಬಂದು ಕಚೇರಿ ಸುಟ್ಟು, ಖಜಾನೆ ಕೊಳ್ಳೆ ಹೊಡೆದು, ಬೆಳಗಾಗುವುದರೊಳಗೆ ಕಾಡು ಸೇರುವ ರೀತಿ. ಯಾವ ದಿನ ಕಾದಬೇಕು, ಯಾವ ದಿನ ಸರಿಯಬೇಕು ಎಂಬ ಲೆಕ್ಕದ ಮೇಲೆ ಅವನ ದಂಡು ನಿಂತಿತ್ತು. 1830ರಲ್ಲಿ ಅವನು ಸಿಕ್ಕಿಬಿದ್ದದ್ದು ದ್ರೋಹದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿಸಿದರು. ಕಾಲು ಕೆಟ್ಟ ದಿನವೂ ಓಡಲೇಬೇಕೆಂದು ಅವನ ಹೆಸರು ತೆಗೆಯುವವರು ಅವನ ಯುದ್ಧವನ್ನು ಸರಿಯಾಗಿ ಓದಿಲ್ಲ.

ಇದರ ಜೊತೆಗೇ ಬರುವ ಮಾತು, "ಭರ್ತಿಗೆ ತಯಾರಾಗೂ ಹುಡುಗೂರು ಯಾವತ್ತೂ ತಪ್ಪಸೂದಿಲ್ಲ." ಖರೆ. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರ ಸೇನೆ ಸೇರಬಯಸುವ ನಮ್ಮ ಹುಡುಗರ ಕನಸಿನಲ್ಲಿ ಬರುವ ಜಾಗ. ಭರ್ತಿ ರ‍್ಯಾಲಿಯಲ್ಲಿ 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದರೆ ಪೂರ್ತಿ ಅಂಕ ಎಂಬ ಲೆಕ್ಕ ಬಹುಕಾಲ ಅವರ ಬಾಯಿಪಾಠವಾಗಿತ್ತು. ಆ ಓಟ ಅನ್ನದ ಪ್ರಶ್ನೆ, ಅದನ್ನು ಯಾರೂ ತಪ್ಪಿಸುವುದಿಲ್ಲ. ಅದೇ ಹುಡುಗ ರ‍್ಯಾಲಿಯ ಹಿಂದಿನ ವಾರ ಹಣ ಕಟ್ಟಿದ ಹತ್ತು ಕಿಲೋಮೀಟರ್ ಓಟವನ್ನು ಬಿಟ್ಟರೆ, ತನ್ನ ಕಾಲು ಯಾವುದಕ್ಕೆ ಮೀಸಲು ಎಂದು ಅವನಿಗೆ ಗೊತ್ತಿದೆ ಎಂದೇ ಅರ್ಥ.

"ಕೆಲಸ ಬಂತು ಅಂತಾರ. ಕೆಲಸ ಎಲ್ಲಾರಿಗೂ ಇರ್ತದ." ಇರುತ್ತದೆ, ಆದರೆ ಒಂದೇ ರೀತಿಯಲ್ಲಿ ಅಲ್ಲ. ಮುಂಬೈ ಮ್ಯಾರಥಾನ್ ಜನವರಿಯ ಮೂರನೆಯ ಭಾನುವಾರ. ಸವದತ್ತಿ ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆಯ ಜಾತ್ರೆಯೂ ಹೆಚ್ಚಾಗಿ ಅದೇ ತಿಂಗಳು. 2019ರಲ್ಲಿ ಮ್ಯಾರಥಾನ್ ಜನವರಿ 20ಕ್ಕೆ, ಹುಣ್ಣಿಮೆ 21ಕ್ಕೆ ಬಿತ್ತು. ಲಕ್ಷಗಟ್ಟಲೆ ಜನ ಉಧೋ ಉಧೋ ಎನ್ನುತ್ತ ಗುಡ್ಡ ಹತ್ತುವ ಹೊತ್ತಿಗೆ ಸವದತ್ತಿಯ ಕಾನ್‌ಸ್ಟೇಬಲ್‌ಗೆ, ವಾಯವ್ಯ ಸಾರಿಗೆಯ ಚಾಲಕನಿಗೆ, ಆಸ್ಪತ್ರೆಯ ನರ್ಸಿಗೆ ಯಾರು ರಜೆ ಕೊಡುತ್ತಾರೆ? ಕಿತ್ತೂರಿನವರಿಗೆ ಅಕ್ಟೋಬರ್ 23ರಿಂದ 25ರವರೆಗೆ ಉತ್ಸವದ ಕಟ್ಟು. ರಾಮದುರ್ಗದವರಿಗೆ 2019ರ ಆಗಸ್ಟ್ ಮರೆತಿಲ್ಲ. ನವಿಲುತೀರ್ಥ ಅಣೆಕಟ್ಟು ತುಂಬಿ ಮಲಪ್ರಭೆಗೆ ನೀರು ಬಿಟ್ಟಾಗ ದಂಡೆಯ ಊರುಗಳು ಮುಳುಗಿದವು. ಅದೇ ದಿನಗಳಲ್ಲಿ ಕೊಲ್ಹಾಪುರದ ಬಳಿ ಹೆದ್ದಾರಿಯ ಮೇಲೆ ನೀರು ಬಂದು ಪುಣೆಯ ದಾರಿಯೇ ಬಂದಾಗಿತ್ತು. 2021ರ ಜುಲೈನಲ್ಲೂ ಬಂದಾಯಿತು. ಸಾತಾರಕ್ಕೆ ನಾವು ಹೋಗುವುದು ಅದೇ ದಾರಿಯಲ್ಲಿ.

ಹೆಣ್ಣುಮಕ್ಕಳ ಮಾತು ಇನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ ತಾಲೂಕುಗಳಲ್ಲಿ ಮದುವೆಯಾದ ಹೆಂಗಸು ಓಡುವುದೇ ಒಂದು ಗೆಲುವು. ನಸುಕಿನಲ್ಲಿ ಎದ್ದು, ಮನೆಯವರು ಏಳುವ ಮೊದಲು ಓಡಿ ಬಂದು, ರೊಟ್ಟಿಗೆ ಹಿಟ್ಟು ನಾದಬೇಕು. ಅಂಥವಳು ಕೂಡಿಟ್ಟ ದುಡ್ಡಿನಲ್ಲಿ ಹೆಸರು ಕೊಟ್ಟಿದ್ದಾಳೆ. ಓಟದ ವಾರ ಅತ್ತೆಗೆ ಆರಾಮಿಲ್ಲದಾಗುತ್ತದೆ, ಇಲ್ಲವೇ ಮಗುವಿನ ಪರೀಕ್ಷೆ, ಇಲ್ಲವೇ ತಾನು ಬಸುರಿ ಎಂದು ತಿಳಿಯುತ್ತದೆ, ಇಲ್ಲವೇ ಜೊತೆಗೆ ಬರುತ್ತೇನೆಂದಿದ್ದ ತಮ್ಮ ಬರುವುದಿಲ್ಲ ಎನ್ನುತ್ತಾನೆ ಮತ್ತು ಒಬ್ಬಳೇ ರಾತ್ರಿ ಬಸ್ಸು ಹತ್ತಲು ಮನೆಯಲ್ಲಿ ಬಿಡುವುದಿಲ್ಲ. ಅವಳ ಡಿಎನ್‌ಎಸ್ ಅವಳ ಸೋಮಾರಿತನ ಅಲ್ಲ. ಅದನ್ನು ಓಡದ ಗಂಡಸರು ಚಹಾ ಕುಡಿಯುತ್ತ ಆಡಿಕೊಳ್ಳುವುದನ್ನು ನಾನು ಸಹಿಸುವುದಿಲ್ಲ.

"ಬ್ಯಾರೇದವರಿಗೆ ಬಿಬ್ ಕೊಟ್ಟಿದ್ರ ಅವರಾದ್ರೂ ಓಡತಿದ್ರು." ಸದುದ್ದೇಶದ ಸಲಹೆಯಂತೆ ಕಾಣುವ ಅಪಾಯಕಾರಿ ಸಲಹೆ ಇದು. ಬಿಬ್ ಒಂದನ್ನು ಕೈಯಲ್ಲಿ ಹಿಡಿದು ನೋಡಿ. ನಾಲ್ಕು ಮೂಲೆಗೆ ಪಿನ್ನು ಚುಚ್ಚುವ ತೂತು, ಮುಂದೆ ದಪ್ಪಕ್ಷರದ ಸಂಖ್ಯೆ. ಹಿಂದೆ ತಿರುಗಿಸಿದರೆ ಬೆರಳಗಲದ ಟೈಮಿಂಗ್ ಚಿಪ್, ಅದರ ಕೆಳಗೆ ಹೆಸರು, ರಕ್ತದ ಗುಂಪು, ತೆಗೆದುಕೊಳ್ಳುವ ಔಷಧಿ, ಮನೆಯವರ ಫೋನ್ ನಂಬರ್ ಬರೆಯುವ ಗೆರೆಗಳು. ದಾರಿಯಲ್ಲಿ ಯಾರಾದರೂ ಕುಸಿದರೆ ಆಂಬ್ಯುಲೆನ್ಸಿನವರು ಮೊದಲು ತಿರುಗಿಸಿ ನೋಡುವುದು ಇದನ್ನೇ. ಇನ್ನೊಬ್ಬರ ಬಿಬ್ ಹಾಕಿದವನು ಕುಸಿದರೆ ಅವರ ಕೈಗೆ ಸಿಗುವುದು ಇನ್ನೊಬ್ಬರ ರಕ್ತದ ಗುಂಪು. ಫೋನ್ ಹೋಗುವುದು ಬೈಲಹೊಂಗಲದಲ್ಲಿ ಮಗ ಕಣ್ಣೆದುರೇ ಕುಳಿತಿರುವ ಮನೆಗೆ. ನಿಜವಾಗಿ ಕುಸಿದವನ ಮನೆಗೆ ಸುದ್ದಿ ಮುಟ್ಟುವುದು ಎಷ್ಟು ಹೊತ್ತಿಗೋ. ಫಲಿತಾಂಶವೂ ಕೆಡುತ್ತದೆ. ಐವತ್ತು ದಾಟಿದ ಹೆಣ್ಣುಮಗಳ ಬಿಬ್ಬಿನಲ್ಲಿ ಇಪ್ಪತ್ತೈದರ ಹುಡುಗ ಓಡಿದರೆ ಆ ವಯೋಮಾನದಲ್ಲಿ ನಿಜವಾಗಿ ಗೆದ್ದವಳ ಸ್ಥಾನ ಹೋಗುತ್ತದೆ. ಹಾಗಾಗಿ ಬಿಬ್ಬನ್ನು ಮನೆಯಲ್ಲೇ ಇಟ್ಟುಕೊಂಡವರು ಸರಿಯಾದದ್ದನ್ನೇ ಮಾಡಿದ್ದಾರೆ.

"ನಿನ್ನ ಸಲುವಾಗಿ ಇನ್ನೊಬ್ಬರಿಗೆ ಜಾಗ ಸಿಗಲಿಲ್ಲ." ಹುರುಳಿದೆ ಎಂದದ್ದು ಈ ಮಾತಿನಲ್ಲಿ. ಓಡುವುದಿಲ್ಲ ಎಂದು ಮೂರು ವಾರ ಮೊದಲೇ ಗೊತ್ತಿದ್ದೂ ಸುಮ್ಮನಿದ್ದರೆ, ನೋಂದಣಿ ಮುಗಿಯಿತೆಂದು ಮರಳಿದ ಇನ್ನೊಬ್ಬನಿಗೆ ಅನ್ಯಾಯವಾಗುತ್ತದೆ. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೇಳಬೇಕೆಂದರೆ ಕೇಳುವವರು ಬೇಕು. ನಮ್ಮಲ್ಲಿನ ಬಹುತೇಕ ಓಟಗಳ ಅರ್ಜಿಯಲ್ಲಿ ಒಂದೇ ಸಾಲು ಇರುತ್ತದೆ: ಹಣ ಮರಳಿಸುವುದಿಲ್ಲ, ಇನ್ನೊಬ್ಬರಿಗೆ ವರ್ಗಾಯಿಸುವುದಿಲ್ಲ, ಮುಂದಿನ ವರ್ಷಕ್ಕೆ ಹಾಕುವುದಿಲ್ಲ. ಜಾಗ ಬಿಟ್ಟುಕೊಡಲು ಬಾಗಿಲೇ ಇಲ್ಲದ ಮನೆ ಕಟ್ಟಿ, ಒಳಗಿದ್ದವನು ಹೊರಗೆ ಬರಲಿಲ್ಲ ಎಂದರೆ ಹೇಗೆ?

ಬಾಗಿಲು ಇಡುವುದು ಸಾಧ್ಯ ಎಂಬುದಕ್ಕೆ ಉದಾಹರಣೆಗಳಿವೆ. ಲಂಡನ್ ಮ್ಯಾರಥಾನಿನಲ್ಲಿ ಜಾಗ ಪಡೆದವರು ಓಟಕ್ಕೆ ಮೊದಲು ತಿಳಿಸಿ ಹಿಂದೆ ಸರಿದರೆ ಮುಂದಿನ ವರ್ಷ ಜಾಗ ಕೊಡುತ್ತಾರೆ. ಶುಲ್ಕವನ್ನು ಮತ್ತೆ ಕಟ್ಟಬೇಕು, ಆದರೆ ಅವಕಾಶ ಉಳಿಯುತ್ತದೆ. ಲಂಡನ್, ಬಾಸ್ಟನ್‌ನಂಥ ಓಟಗಳು ಈಚಿನ ವರ್ಷಗಳಲ್ಲಿ ಬಸುರಿ, ಬಾಣಂತಿಯರಿಗೆ ಓಟ ಮುಂದೂಡಿಕೊಳ್ಳುವ ಅವಕಾಶ ತಂದಿವೆ. ಹತ್ತಾರು ಸಾವಿರ ಜನರ ಓಟಕ್ಕೆ ಆಗುವುದು ಕೆಲವೇ ನೂರು ಜನರ ಓಟಕ್ಕೆ ಆಗದೇ?

"ಸಂಘಟಕರಿಗೆ ನಷ್ಟ ಆಗ್ತದ." ಅರ್ಥವಾಗುತ್ತದೆ. ಟಿ ಶರ್ಟು, ಪದಕ, ಚಿಪ್ಪುಗಳಿಗೆ ಮೊದಲೇ ಆರ್ಡರ್ ಕೊಟ್ಟಿರುತ್ತಾರೆ. ಆಂಬ್ಯುಲೆನ್ಸು, ನೀರು, ರಸ್ತೆ ಬಂದೋಬಸ್ತು ಯಾರು ಬಂದರೂ ಬಾರದಿದ್ದರೂ ಬೇಕು. ಆದ್ದರಿಂದ ಹಿಂದಿನ ದಿನ ಫೋನ್ ಮಾಡಿ ಹಣ ವಾಪಸ್ ಕೊಡಿ ಎಂದು ಯಾರೂ ಕೇಳಬಾರದು, ನಾನೂ ಕೇಳುವುದಿಲ್ಲ. ಆದರೆ ಸಂಘಟಕರೇ ಓಟ ತಪ್ಪಿಸಿದಾಗ ಏನಾಯಿತು ಎಂಬುದನ್ನೂ ನೆನೆಯಬೇಕು. 2012ರ ನವೆಂಬರ್‌ನಲ್ಲಿ ಸ್ಯಾಂಡಿ ಚಂಡಮಾರುತದ ಬಳಿಕ ನ್ಯೂಯಾರ್ಕ್ ಮ್ಯಾರಥಾನನ್ನು ಎರಡು ದಿನ ಮೊದಲು ರದ್ದು ಮಾಡಿದರು. ಹಣ ಮರಳಿಸುವ ನಿಯಮವಿಲ್ಲ ಎಂದಿದ್ದವರು ಕೊನೆಗೆ ಮರುಪಾವತಿಯನ್ನೂ ಮುಂದಿನ ವರ್ಷಗಳ ಪ್ರವೇಶವನ್ನೂ ಓಟಗಾರರ ಆಯ್ಕೆಗೆ ಬಿಟ್ಟರು. 2020ರ ಮಾರ್ಚ್‌ನಲ್ಲಿ ಟೋಕಿಯೊ ಮ್ಯಾರಥಾನ್ ಗಣ್ಯ ಓಟಗಾರರಿಗೆ ಮಾತ್ರ ಸೀಮಿತವಾಯಿತು. ಸುಮಾರು 38,000 ಸಾಮಾನ್ಯ ಓಟಗಾರರಿಗೆ ಮುಂದಿನ ವರ್ಷದ ಜಾಗ ಸಿಕ್ಕಿತು, ಶುಲ್ಕ ಮರಳಲಿಲ್ಲ. ಬೆಂಗಳೂರಿನ ವರ್ಲ್ಡ್ 10ಕೆ ಕೂಡ ಅದೇ ವರ್ಷ ಮೇ ತಿಂಗಳಿಂದ ಡಿಸೆಂಬರ್‌ಗೆ ಹೋಯಿತು, ಬೀದಿಯಲ್ಲಿ ಓಡಿದ್ದು ಗಣ್ಯರು ಮಾತ್ರ. ಓಟಗಾರರು ಅರ್ಥ ಮಾಡಿಕೊಂಡರು. ಅನಿವಾರ್ಯ ಎಂಬುದು ಸಂಘಟಕರಿಗೆ ಬಂದಾಗ ಅರ್ಥವಾಗುವುದಾದರೆ, ಒಬ್ಬ ಓಟಗಾರನಿಗೆ ಬಂದಾಗಲೂ ಅರ್ಥವಾಗಬೇಕು.

ಕೊನೆಯ ಮಾತು, "ರೊಕ್ಕ ಕೊಟ್ಟು ಓಡೂದ ಸೊಕ್ಕು." ಇದಕ್ಕೆ ಉದ್ದ ಉತ್ತರ ಬೇಡ. ಮುಚ್ಚಿದ ರಸ್ತೆ, ದಾರಿಯುದ್ದಕ್ಕೂ ನೀರು, ಕುಸಿದರೆ ಎತ್ತಲು ವೈದ್ಯರು ಪುಕ್ಕಟೆ ಬರುವುದಿಲ್ಲ.

ನಮ್ಮ ಜಿಲ್ಲೆಯಲ್ಲಿ ಓಟ ಏರ್ಪಡಿಸುವ ಸಂಘಗಳಿಗೆ, ಉತ್ಸವ ಸಮಿತಿಗಳಿಗೆ ನನ್ನ ವಿನಂತಿ ಇಷ್ಟೇ. ಮುಂದಿನ ಅರ್ಜಿ ಅಚ್ಚು ಹಾಕುವ ಮೊದಲು ಅದರಲ್ಲಿ ಜಾಗ ಬಿಟ್ಟುಕೊಡುವ ಕಡೆಯ ದಿನಾಂಕ ಒಂದನ್ನು ಬರೆಯಿರಿ, ಓಟಕ್ಕೆ ಮೂರು ವಾರ ಮೊದಲಾದರೂ ಇರಲಿ. ಅಷ್ಟರೊಳಗೆ ಹೇಳಿದವರ ಜಾಗವನ್ನು ಗುರುತಿನ ಚೀಟಿ ನೋಡಿ, ಹೆಸರು ಬದಲಿಸಿ, ಸಾಲಿನಲ್ಲಿರುವ ಇನ್ನೊಬ್ಬರಿಗೆ ಕೊಡಿ. ಅದರ ನಂತರ ವೈದ್ಯರ ಚೀಟಿ ತಂದವರಿಗೆ, ಬಸುರಿಯರಿಗೆ ಮುಂದಿನ ವರ್ಷದ ಜಾಗ ಕೊಡಿ. ಓಟಗಾರರೇ, ಕಾಲು ಒಲ್ಲೆ ಎಂದ ದಿನವೇ ಸಂಘಟಕರಿಗೆ ಫೋನ್ ಮಾಡಿ. ಬಿಬ್ಬನ್ನು ಯಾರಿಗೂ ಕೊಡಬೇಡಿ, ಜ್ವರದಲ್ಲಿ ಯಾರ ಮಾತು ಕೇಳಿಯೂ ಶೂ ಕಟ್ಟಬೇಡಿ.